ಮಣ್ಣಿಗೆ ಹುಳಿ ಹಿಂಡಿದ್ದು

ನಮ್ಮಪ್ಪ ತೀರ್ಥಹಳ್ಳಿ ಕಡೆಯ ಅಡಿಕೆ ತೋಟದವರು. ಎರಡು ಮೂರು ವರ್ಷಕ್ಕೊಮ್ಮೆ ತೋಟಕ್ಕೆ ಸುಣ್ಣ ಹಾಕಿಸುತ್ತಿದ್ದರು. ಮಲೆನಾಡಿನ ಮಳೆಗೆ ಮಣ್ಣಿನ ಸಾರವೆಲ್ಲ ತೊಳೆದುಹೋಗಿ ಮಣ್ಣು ಹುಳಿಯಾಗುತ್ತದೆ, ಸುಣ್ಣ ಬಿದ್ದರೆ ಸರಿಹೋಗುತ್ತದೆ. ಚಿಕ್ಕವನಿದ್ದಾಗ ಆ ಸುಣ್ಣದ ಬುಟ್ಟಿ ಹೊತ್ತು ಕಣ್ಣು ಉರಿಸಿಕೊಂಡವನು ನಾನು. ಈಗ ನ್ಯೂಜೆರ್ಸಿಯ ಮನೆಯ ಹಿತ್ತಲಲ್ಲಿ ಗಂಧಕದ ಚೀಲ ಹಿಡಿದು ನಿಂತಿದ್ದೆ. ಇಲ್ಲಿ ಮಣ್ಣನ್ನು ಹುಳಿ ಮಾಡಬೇಕಿತ್ತು. ಫೋನಿನಲ್ಲಿ ಇದನ್ನು ಕೇಳಿ ಅಪ್ಪ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ, “ಬೇಕೂಂತ ಮಣ್ಣಿಗೆ ಯಾರಾದ್ರೂ ಹುಳಿ ಹಿಂಡ್ತಾರೇನೋ ಮಾರಾಯ?” ಅಂದರು.

ಎಲ್ಲಕ್ಕೂ ಕಾರಣ ಬ್ಲೂಬೆರಿ. ಅಂಗಡಿಯಲ್ಲಿ ಅಂಗೈಯಗಲದ ಡಬ್ಬಿಗೆ ಅವರು ಕೇಳುವ ದುಡ್ಡು ನೋಡಿ, ನಾವೇ ಬೆಳೆದರಾಯಿತಲ್ಲ ಅಂತ ಎರಡು ಗಿಡ ತಂದಿದ್ದೆ. ನೆಡುವುದು ನನಗೆ ಹೇಳಿಕೊಡಬೇಕಾ? ಗುಂಡಿ ತೋಡಿದೆ, ಗೊಬ್ಬರ ಹಾಕಿದೆ. ಅಮ್ಮ ಬಸಳೆಯಿಂದ ಹಿಡಿದು ಬದನೆವರೆಗೆ ಎಲ್ಲಕ್ಕೂ ಒಲೆಯ ಬೂದಿ ಹಾಕುತ್ತಿದ್ದುದು ನೆನಪಾಗಿ, ಚಳಿಗಾಲದಲ್ಲಿ ಸೌದೆ ಸುಟ್ಟ ಬೂದಿಯನ್ನೂ ಎರಡು ಬೊಗಸೆ ಸುರಿದೆ. ಒಂದೇ ತಿಂಗಳಿಗೆ ಎಲೆಯೆಲ್ಲ ಹಳದಿ. ನರಗಳು ಮಾತ್ರ ಹಸಿರು, ಯಾರೋ ಹಸಿರು ಪೆನ್ನಿನಲ್ಲಿ ಗೆರೆ ಎಳೆದ ಹಾಗೆ.

ಮಣ್ಣು ತೆಗೆದು ಪರೀಕ್ಷೆಗೆ ಕಳಿಸಿದೆ. ಹುಳಿ ಅಳೆಯುವ ಅಂಕ, ಅಂದರೆ ಪಿಎಚ್, 6.7 ಅಂತ ಬಂತು. ಟೊಮೆಟೊ, ಬೀನ್ಸ್‌ಗೆಲ್ಲ ಚಿನ್ನದಂಥ ಮಣ್ಣು. ಬ್ಲೂಬೆರಿಗೆ ಬೇಕಾದದ್ದು ಐದರ ಆಸುಪಾಸು, ಇನ್ನೂ ಸ್ವಲ್ಪ ಕೆಳಗಿದ್ದರೂ ಸರಿ. ಎರಡು ಅಂಕ ತಾನೇ ಅಂದುಕೊಳ್ಳಬೇಡಿ. ಆ ಲೆಕ್ಕದಲ್ಲಿ ಒಂದು ಅಂಕ ಇಳಿದರೆ ಹುಳಿ ಹತ್ತು ಪಟ್ಟು, ಎರಡು ಇಳಿದರೆ ನೂರು ಪಟ್ಟು. ಹುಳಿ ಸಾಲದಿದ್ದರೆ ಮಣ್ಣಲ್ಲಿ ಕಬ್ಬಿಣ ಇದ್ದರೂ ಗಿಡಕ್ಕೆ ದಕ್ಕುವುದಿಲ್ಲ. ಅದಕ್ಕೇ ಆ ಹಳದಿ. ಈ ಮನೆಯಲ್ಲಿ ಮೊದಲಿದ್ದವರು ಹುಲ್ಲುಹಾಸು ಚೆನ್ನಾಗಿರಲಿ ಅಂತ ವರ್ಷ ವರ್ಷ ಸುಣ್ಣ ಹಾಕುತ್ತಿದ್ದರಂತೆ, ಪಕ್ಕದ ಮನೆಯವರು ಹೇಳಿದರು. ಸಾಲದ್ದಕ್ಕೆ ನನ್ನ ಬೂದಿ ಬೇರೆ. ಬೂದಿಯೂ ಸುಣ್ಣದ ತಮ್ಮನೇ ಅಲ್ವಾ.

ಸಮಾಧಾನ ಸಿಕ್ಕಿದ್ದು ವೈಟ್ಸ್‌ಬಾಗ್‌ನಲ್ಲಿ. ನಮ್ಮ ಮನೆಯಿಂದ ಕಾರಿನಲ್ಲಿ ಒಂದು ಗಂಟೆ ದೂರದ ಹಳ್ಳಿ. ಸುತ್ತ ಪೈನ್ ಕಾಡು, ಬಿಳಿ ಮರಳು, ಟೀ ಡಿಕಾಕ್ಷನ್ ಬಣ್ಣದ ಹಳ್ಳದ ನೀರು. ಇಂದು ಜಗತ್ತು ತಿನ್ನುವ ದಪ್ಪ ಬ್ಲೂಬೆರಿಯ ಬೇಸಾಯ ಶುರುವಾದದ್ದು ಇಲ್ಲಿಯೇ. ಅದಕ್ಕೂ ಮುಂಚೆ ಕಾಡಿನ ಗಿಡವನ್ನು ಕಿತ್ತು ತಂದು ಗೊಬ್ಬರದ ತೋಟದಲ್ಲಿ ನೆಟ್ಟವರೆಲ್ಲ ನನ್ನ ಹಾಗೇ ಕೈಸುಟ್ಟುಕೊಂಡಿದ್ದರು. ಈ ಗಿಡ ಪಳಗುವುದಿಲ್ಲ ಅಂತಲೇ ಜನ ನಂಬಿದ್ದರು. ಅದಕ್ಕೆ ಬೇಕಾದದ್ದು ಹುಳಿ ಮಣ್ಣು ಅಂತ ಫ್ರೆಡೆರಿಕ್ ಕೋವಿಲ್ ಎಂಬ ಸರ್ಕಾರಿ ಸಸ್ಯವಿಜ್ಞಾನಿ 1910ರಲ್ಲಿ ಬರೆದ. ಅದನ್ನು ಓದಿದ ಎಲಿಜಬೆತ್ ವೈಟ್, ಇಲ್ಲಿನ ಕ್ರ್ಯಾನ್‌ಬೆರಿ ಬೆಳೆಗಾರರ ಮಗಳು, ನಮ್ಮ ಜಮೀನಿನಲ್ಲೇ ಮಾಡಿ ನೋಡೋಣ ಬನ್ನಿ ಅಂತ ಅವನನ್ನು ಕರೆದಳು.

ಅವಳು ಮಾಡಿದ ಉಪಾಯ ನನಗೆ ತುಂಬ ಇಷ್ಟ. ಕಾಡಿನಲ್ಲಿ ಹಣ್ಣು ಆಯುವ ಜನಕ್ಕೆ 5/8 ಇಂಚಿನ ತೂತು ಕೊರೆದ ಅಲ್ಯೂಮಿನಿಯಂ ಪಟ್ಟಿ ಕೊಟ್ಟಳು. ಈ ತೂತಿನಲ್ಲಿ ತೂರದಷ್ಟು ದಪ್ಪ ಹಣ್ಣಿನ ಗಿಡ ಎಲ್ಲಿದೆ ತೋರಿಸಿ, ದುಡ್ಡು ಕೊಡುತ್ತೇನೆ ಅಂದಳು. ಗಿಡಕ್ಕೆ ಹುಡುಕಿದವರದೇ ಹೆಸರು. ರೂಬ್ ಲೀಕ್ ಎಂಬಾತ ಒಂದು ಒಳ್ಳೆಯ ಗಿಡ ತೋರಿಸಿದ. ಆದರೆ ರೂಬ್ ಅಂದರೆ ಇಂಗ್ಲಿಷಿನಲ್ಲಿ ಹಳ್ಳಿ ಗಮಾರ, ಲೀಕ್ ಅಂದರೆ ಈರುಳ್ಳಿ ಜಾತಿಯ ಸೊಪ್ಪು. ಹಣ್ಣಿಗೆ ಯಾವುದನ್ನು ಇಡುವುದು? ಕೊನೆಗೆ ಲೀಕ್‌ನ ಮೊದಲ ಇಂಗ್ಲಿಷ್ ಅಕ್ಷರ ‘ಎಲ್’ ಅನ್ನು ರೂಬ್‌ಗೆ ಅಂಟಿಸಿ ‘ರೂಬೆಲ್’ ಮಾಡಿದರು. 1916ರಲ್ಲಿ ವೈಟ್ಸ್‌ಬಾಗ್‌ನ ಹಣ್ಣು ಮಾರುಕಟ್ಟೆಗೆ ಹೋಯಿತು. ರೂಬೆಲ್ ಗಿಡ ಈಗಲೂ ನರ್ಸರಿಯಲ್ಲಿ ಸಿಗುತ್ತದೆ. ನಾನೂ ಒಂದು ತಂದೆ.

ಗಂಧಕ ಹಾಕಿದ ಮರುದಿನವೇ ಮಣ್ಣು ಹುಳಿಯಾಗುವುದಿಲ್ಲ. ಮಣ್ಣಿನ ಬ್ಯಾಕ್ಟೀರಿಯಾಗಳು ಅದನ್ನು ನಿಧಾನವಾಗಿ ಆಮ್ಲ ಮಾಡಬೇಕು, ಅದೂ ಮಣ್ಣು ಬೆಚ್ಚಗಿದ್ದಾಗ. ಹಾಗಾಗಿ ಒಂದು ವರ್ಷ ಸುಮ್ನೆ ಕೂತೆ. ಮರುವರ್ಷ ಪೀಟ್ ಮಾಸ್, ಅಂದರೆ ಜೌಗು ನೆಲದ ಕೊಳೆತ ಪಾಚಿ, ಬೆರೆಸಿ, ಮಣ್ಣು ಸ್ವಲ್ಪ ಏರಿಸಿ ನೆಟ್ಟೆ. ಬೇರು ಮೇಲ್ಮೇಲೆಯೇ ಹರಡುವುದರಿಂದ ಬುಡಕ್ಕೆ ಪೈನ್ ತೊಗಟೆಯ ಚೂರು ಹೊದಿಸಿದೆ. ಅಪ್ಪನಿಗೆ ಹಿಡಿಸಿದ್ದು ಇದೊಂದೇ. ಅಡಿಕೆ ಬುಡಕ್ಕೆ ಸೊಪ್ಪು ಹೊದಿಸಿದವರಲ್ವಾ.

ಏಪ್ರಿಲ್‌ನಲ್ಲಿ ಹೂ ಬಂತು. ತಲೆಕೆಳಗಾಗಿ ತೂಗುವ ಪುಟ್ಟ ಬಿಳಿ ಗಂಟೆಗಳು. ಮೊದಲ ವರ್ಷ ಹೂವನ್ನೆಲ್ಲ ಚಿವುಟಿಬಿಡಬೇಕು, ಇಲ್ಲದಿದ್ದರೆ ಗಿಡದ ಶಕ್ತಿ ಹಣ್ಣಿಗೇ ಹೋಗಿ ಬೇರು ಬಲಿಯುವುದಿಲ್ಲ. ನನಗೆ ಕೈ ಬರಲಿಲ್ಲ. ಹೆಂಡತಿ ಬಟ್ಟಲು ತಂದು ಅಷ್ಟನ್ನೂ ಬಿಡಿಸಿ ದೇವರಿಗೆ ಇಟ್ಟಳು. ಆ ವರ್ಷದ ಫಸಲು ಅಷ್ಟೇ.

ಅದರ ಮುಂದಿನ ಬೇಸಿಗೆಗೆ ಅಪ್ಪ ಅಮ್ಮ ಬಂದರು. ಬೂದು ಬಣ್ಣದ ಕ್ಯಾಟ್‌ಬರ್ಡ್ ಎಂಬ ಹಕ್ಕಿ ಬೆಕ್ಕಿನ ಹಾಗೆ ಮಿಯಾಂವ್ ಅನ್ನುತ್ತ ನಮಗಿಂತ ಮೊದಲೇ ಹಣ್ಣಿಗೆ ಕೂತಿತ್ತು. ಊರಿಂದ ತಂದು ಅಟ್ಟದಲ್ಲಿ ಬಿದ್ದಿದ್ದ ಸೊಳ್ಳೆ ಪರದೆಯನ್ನು ಅಪ್ಪ ನಾಲ್ಕು ಕೋಲು ನೆಟ್ಟು ಕಟ್ಟಿದರು. ಹಿತ್ತಲಲ್ಲಿ ಯಾರೋ ಮಲಗಿದ ಹಾಗೆ ಕಾಣುತ್ತಿತ್ತು. ದಿನಾ ಬೆಳಿಗ್ಗೆ ಕಾಫಿ ಲೋಟ ಹಿಡಿದು ಹೋಗಿ ನೋಡುತ್ತಿದ್ದರು. “ನೀಲಿ ಆಗಿದ್ಯಲಾ, ಕೀಳನಾ?” ಬೇಡ ಅಪ್ಪ, ನೀಲಿಯಾದರೂ ತೊಟ್ಟಿನ ಹತ್ತಿರ ಕೆಂಪು ಉಂಗುರ ಇದ್ದರೆ ಇನ್ನೂ ಹಣ್ಣಾಗಿಲ್ಲ. ನಾಲ್ಕೈದು ದಿನ ಬಿಟ್ಟು ಹೆಬ್ಬೆರಳು ತಾಗಿಸಿದರೆ ಸಾಕು, ತಾನಾಗಿ ಅಂಗೈಗೆ ಉದುರುತ್ತದೆ.

ಉದುರಿತು. ಮೈಮೇಲಿನ ಬೂದಿಯಂಥ ಪುಡಿಯಲ್ಲಿ ಅಪ್ಪನ ಬೆರಳಿನ ಗುರುತು ಮೂಡಿತು. ಬಾಯಿಗೆ ಹಾಕಿಕೊಂಡು ನಿಧಾನಕ್ಕೆ ಅಗಿದರು.

“ಅಷ್ಟೆಲ್ಲ ಹುಳಿ ಹಿಂಡಿದೀಯ,” ಅಂದರು, “ಹಣ್ಣಲ್ಲಿ ಹುಳೀನೇ ಇಲ್ಲಲಾ ಮಾರಾಯ.”

ಅಮ್ಮ ಒಳಗಿಂದಲೇ ಕೂಗಿದಳು. “ಹಾಗಾದ್ರೆ ಹಸಿ ಕಾಯೇ ನಾಲ್ಕು ಕಿತ್ಕೊಂಡು ಬನ್ನಿ, ಗೊಜ್ಜು ಮಾಡ್ತೀನಿ.”