ಯಪ್ಪಾ, ಅದು ಉಷ್ಣ ಅಲ್ಲ

ನಮ್ಮ ಕಡೆ ಉಚ್ಚಿ ಕೆಂಪಗ ಬಂತಂದ್ರ ಅದಕ್ಕ ಒಂದಾ ಹೆಸರು, ಉಷ್ಣ. ಗಂಗಾವತಿ ಬಿಸಲಾಗ ಗದ್ದಿ ಕೆಲಸ ಮಾಡೋ ಮನಷಾಗ ಮತ್ತೇನಾಗ್ತತಿ ಅಂತ ನಮ್ಮಪ್ಪನೂ ಅನ್ಕೊಂಡು ಮೂರು ದಿನ ಯಾರಿಗೂ ಹೇಳ್ಲಿಲ್ಲ, ಬಾರ್ಲಿ ನೀರು, ಎಳನೀರು ಎಲ್ಲಾ ಕುಡುದು ನೋಡಿ ನಾಕನೇ ದಿನ ಫೋನ್ ಹಚ್ಚಿ "ತಮ್ಮಾ, ಡಿಕಾಕ್ಷನ್ ಬಣ್ಣ ಬರಾಕತ್ತೈತಿ" ಅಂದ.

ಅಪ್ಪಗ ಹಾರ್ಟ್‌ನ್ಯಾಗ ಲೋಹದ ವಾಲ್ವ್ ಹಾಕಿ ಆರು ವರ್ಷಾತು, ದಿನಾ ಸಂಜಿಕೆ ಅಸಿಟ್ರೋಮ್ ಗುಳಿಗಿ. ಊರಾಗ ಎಲ್ಲಾರೂ ಇದನ್ನ ರಕ್ತ ತೆಳ್ಳಗ ಮಾಡೋ ಗುಳಿಗಿ ಅಂತಾರ ನೋಡ್ರಿ, ನನ್ನ ಸಿಟ್ಟು ಈ ಹೆಸರಿನ ಮ್ಯಾಲೇ. ರಕ್ತ ಏನ್ ಮಜ್ಜಿಗಿ ಏನ್ರಿ ನೀರು ಹಾಕಿ ತೆಳ್ಳಗ ಮಾಡಾಕ? ಅದು ವಿಟಮಿನ್ ಕೆ ಕೆಲಸಕ್ಕ ಅಡ್ಡ ಬಂದು ಹೆಪ್ಪುಗಟ್ಟೋದನ್ನ ತಡ ಮಾಡ್ತತಿ, ಅಷ್ಟಾ. ಹೆಸರು ಕೇಳಿದ ನಮ್ಮ ಕಾಕಾ ಮಾತ್ರ "ರಕ್ತ ನೀರಾಗಿ ಸೋರಾಕತ್ತೈತಿ, ಮೊದ್ಲು ಗುಳಿಗಿ ಬಿಡಸು" ಅಂದ. ತಾವಾ ಬಿಟ್ಟು ಕುಂತ್ರ ವಾಲ್ವ್ ಮ್ಯಾಲೆ ಹೆಪ್ಪು ಕೂತು ಮೆದುಳಿಗೆ ಹೋಗಿ ಲಕ್ವಾ ಹೊಡದೀತು, ಅದು ಕಾಕಾಗ ಯಾರು ಹೇಳಬೇಕು.

ಐಎನ್ಆರ್ ಮಾಡಿಸಿದ್ವಿ, ಅಂದ್ರ ರಕ್ತ ಹೆಪ್ಪುಗಟ್ಟಾಕ ಎಷ್ಟು ತಡ ಆಗ್ತತಿ ಅಂತ ನೋಡೋ ಪರೀಕ್ಷಿ, ನಂಬರ್ ಏರಿದಷ್ಟು ತಡ. ಅಪ್ಪಂದು 2.5ರಿಂದ 3.5ರೊಳಗ ಇರಬೇಕು, ಬಂದದ್ದು 6.8. ಕೆದಕಿ ಕೇಳಿದ್ಮ್ಯಾಲೆ ಹೊರಗ ಬಂತು, ಹುಲಿಗಿ ಹುಣ್ಣಿಮಿಗೆ ಹೋಗಿ ಬಂದು ಭೇದಿ ಹತ್ತಿತ್ತಂತ, ಮೆಡಿಕಲ್ ಶಾಪಿಗೆ ಹೋಗಿ ಮೆಟ್ರೋನಿಡಜೋಲ್ ತಂದು ಐದು ದಿನ ನುಂಗ್ಯಾನ. ಅದು ಅಸಿಟ್ರೋಮ್‌ನ ಜೋರು ಏರಸ್ತತಿ. ಅಂಗಡಿಯವ ಕೇಳ್ಲಿಲ್ಲ, ಇವ ಹೇಳ್ಲಿಲ್ಲ. ಇದಾ ಮನಷಾ ಹಸರು ಪಲ್ಯದಾಗ ವಿಟಮಿನ್ ಕೆ ಐತಿ ಅಂತ ಯಾರೋ ಹೇಳಿದ್ರಂತ ಆರು ವರ್ಷದಿಂದ ರೊಟ್ಟಿ ಜೋಡಿ ಹಸಿ ಮೆಂತ್ಯಪಲ್ಯ ಮುಟ್ಟಿಲ್ಲ! (ಪಲ್ಯ ಬಿಡಬೇಕಾಗಿಲ್ಲರಿ, ಒಂದಿನ ಬುಟ್ಟಿ ತುಂಬ ಒಂದಿನ ಏನೂ ಇಲ್ಲ ಅಂತ ಮಾಡಬಾರದು, ದಿನಾ ಹೆಚ್ಚುಕಡಿಮಿ ಅಷ್ಟಾ ತಿನ್ನಬೇಕು.)

ಡಾಕ್ಟರ್ ಎರಡು ಡೋಸ್ ತಡದ್ರು, ಬಣ್ಣ ತಿಳಿಯಾತು. ಗುಳಿಗಿ ಕಾಟ, ಮುಗೀತು ಅಂತ ಮನಿಗೆ ಹೊಂಟಿದ್ವಿ. ಬಳ್ಳಾರಿಯೊಳಗ ಒಬ್ರು ಯೂರಾಲಜಿ (ಮೂತ್ರದ ರೋಗ ನೋಡೋ) ಡಾಕ್ಟರ್ ಬಿಡಲಿಲ್ಲ. "ಬರೇ ಗುಳಿಗೀದೂ ಇರಬಹುದು, ಆದ್ರ ನೋಡಲಾರದ ಹಂಗ ಅನ್ನಬ್ಯಾಡ್ರಿ. ಟ್ಯಾಂಕಿಗೆ ಮೊದ್ಲಾ ತೂತಿದ್ರ ನೀರಿನ ಪ್ರೆಶರ್ ಜಾಸ್ತಿ ಆದಾಗ ಕಾಣ್ತತಿ" ಅಂದು ಸ್ಕ್ಯಾನ್ ಬರದ್ರು. ನನಗ ಒಳಗ ದುಡ್ಡಿಗೆ ಬರದಾರ ಅಂತ ಡೌಟು, ಸುಳ್ಳು ಯಾಕ ಹೇಳ್ಲಿ.

ಮೂತ್ರಚೀಲದೊಳಗ ಕಡ್ಲಿಕಾಳಿನಷ್ಟು ಗಂಟು. ಮೂವತ್ತು ವರ್ಷ ಬೀಡಿ ಸೇದ್ಯಾನ, ವಾಲ್ವ್ ಹಾಕಿದ ದಿನಾ ಬಿಟ್ಟಾನ, ನಾವು ಬೀಡಿ ಅಂದ್ರ ಪುಪ್ಪುಸಕ್ಕಷ್ಟಾ ಅನ್ಕೊಂಡಿದ್ವಿ. ಅದರ ವಿಷ ಸೋಸಿ ಬಂದು ಕುಂದ್ರೋದು ಮೂತ್ರಚೀಲದಾಗಂತ. ಮೂತ್ರದ ದಾರಿಯಿಂದ ದುರ್ಬೀನು ಹಾಕಿ ತಗದ್ರು, ಆ ನಾಕು ದಿನ ಗುಳಿಗಿ ಬದ್ಲಿ ಹೆಪ್ಪು ತಡಿಯೋ ಹೆಪಾರಿನ್ ಇಂಜೆಕ್ಷನ್. ರಿಪೋರ್ಟ್ ಕ್ಯಾನ್ಸರ್ ಅಂತಾನೇ ಬಂತು, ಆದ್ರ ಮ್ಯಾಲಿನ ಪದರದಾಗಷ್ಟಾ ಇತ್ತು. ಕಾಕಾ ಬಿಡಸು ಅಂದ ಗುಳಿಗೀನಾ ಚಾಡಿ ಹೇಳ್ತು ಅನ್ರಿ.

ಈಗ ಮೂರು ತಿಂಗಳಿಗೊಮ್ಮೆ ದುರ್ಬೀನು. ಅಪ್ಪ ದಿನಾ ಮುಂಜಾನೆ ಫೋನ್ ಮಾಡ್ತಾನ, ಬಸ್ಸಿನ್ಯಾಗಿದ್ರೂ ಬಿಡಂಗಿಲ್ಲ, ಸ್ಪೀಕರ್ ಹಚ್ಚಿದಂಗ ಒದರ್ತಾನ, "ತಮ್ಮಾ, ಇವತ್ತೂ ತಿಳಿ ಐತಿ!"