ಕಾಫಿ ಕಲೆ ಹಚ್ಚಿದರೆ ಮಾಯೆ ಬರುವುದಿಲ್ಲ

ಭಾನುವಾರ ಒಂದು ಕರಕುಶಲ ಮೇಳಕ್ಕೆ ಹೋಗಿದ್ದೆ. ಬಂದಾಗಿನಿಂದ ಹೊಟ್ಟೆಯೊಳಗೆ ಉರಿ. ಇವತ್ತು ಬರೆದೇ ತೀರಬೇಕು.

ಒಂದು ಮಳಿಗೆಯಲ್ಲಿ 'ಕೈಕಾಗದದ ಮಾಂತ್ರಿಕ ಸುರುಳಿ, ಕೈಯಲ್ಲೇ ಬರೆದದ್ದು' ಅಂತ ಬೋರ್ಡು. ಒಂದಕ್ಕೆ 900 ರೂಪಾಯಿ. ಎಂಟೊಂಬತ್ತು ವರ್ಷದ ಹುಡುಗಿಯೊಬ್ಬಳು ಅಪ್ಪನನ್ನು ಕಾಡಿ ಬೇಡಿ ಕೊಡಿಸಿಕೊಂಡಳು. ನಾನೂ ಒಂದನ್ನು ಬಿಚ್ಚಿ ನೋಡಿದೆ. ಜೆರಾಕ್ಸ್ ಅಂಗಡಿಯ ಹಾಳೆ! ಕಾಫಿ ಡಿಕಾಕ್ಷನ್ನಿನಲ್ಲಿ ಅದ್ದಿ ಒಣಗಿಸಿ, ಅಂಚನ್ನು ಮೇಣದಬತ್ತಿಗೆ ಹಿಡಿದು ಸುಟ್ಟಿದ್ದಾರೆ. ಮೇಲೆ ಹೆಡೆಯೆತ್ತಿದ ಹಾವು. ಪಕ್ಕದ ಸುರುಳಿ ಬಿಚ್ಚಿದರೆ ಅದೇ ಹಾವು, ಅದೇ ಜಾಗದಲ್ಲಿ ಅದೇ ಮಸಿ ಚುಕ್ಕೆ. ಬೆವರಿದ ಬೆರಳಿಗೆ ನೀಲಿ ಬಣ್ಣ ಅಂಟಿಕೊಂಡು ಬಂತು.

ಕೈಯಲ್ಲೇ ಕಾಗದ ಮಾಡಿ, ಅದರ ಮೇಲೆ ಮಕ್ಕಳಿಗೆ ಇಂಥ ಸುರುಳಿ ಬರೆದುಕೊಡುವ ಕೆಲಸಕ್ಕೆ ನಾನು ಬಿದ್ದು 11 ವರ್ಷ. ನಮ್ಮನೆಗೆ ಬಂದವರೆಲ್ಲ ಹಗ್ಗದ ಮೇಲೆ ಒಣಗುವ ಹಾಳೆಗಳ ಕೆಳಗೆ ತಲೆ ತಗ್ಗಿಸಿಕೊಂಡು ಓಡಾಡಿದವರೇ. ಬನಿಯನ್ ಬಟ್ಟೆಯ ಚಿಂದಿ ನೆನೆಸಿ, ಅರೆದು, ತೊಟ್ಟಿಯ ನೀರಿಗೆ ಕಲಸಿ, ಜಾಲರಿ ಚೌಕಟ್ಟಿನಲ್ಲಿ ಎತ್ತಬೇಕು. ಎತ್ತಿದ ಕೂಡಲೇ ಎಡಕ್ಕೆ ಬಲಕ್ಕೆ, ಹಿಂದೆ ಮುಂದೆ ಒಮ್ಮೆ ಅಲುಗಿಸಬೇಕು. ಎಳೆಗೆ ಎಳೆ ಹೆಣೆದುಕೊಳ್ಳುವುದು ಆಗಲೇ. ನೀರು ಬಸಿದ ಮೇಲೆ ಕೈ ಅಲುಗಿದರೆ ಹಾಳೆ ಹೋಯಿತು. ಒಣಗಿದ್ದಕ್ಕೆ ಗಂಜಿ ಕೊಡದಿದ್ದರೆ ಮಸಿ ಹರಡಿಬಿಡುತ್ತದೆ. ಗಂಜಿ ಆರಿದ ಮೇಲೆ ನುಣುಪು ಕಲ್ಲಿನಲ್ಲಿ ತಿಕ್ಕಿ, ಆಮೇಲೆ ಕುಂಚ ಹಿಡಿಯುವುದು. ಇಂಥ ಹಾಳೆಗೆ ನಾಲ್ಕೂ ಅಂಚು ತಾನಾಗಿಯೇ ನವಿರಾಗಿ ಬರುತ್ತದೆ. ಅದನ್ನು ಸುಡುವುದು ಯಾಕೆ?

ಮುಚ್ಚುಮರೆ ಯಾಕೆ, ಮೊದಲ ವರ್ಷ ನಾನೂ ಸುಟ್ಟಿದ್ದೇನೆ. ಅಣ್ಣನ ಮಗಳಿಗೆ ಕೊಟ್ಟ ಸುರುಳಿ ಅದು. ಬಿಚ್ಚಿದಾಗಲೆಲ್ಲ ಹಾಸಿಗೆ ಮೇಲೆ ಕಪ್ಪು ಪುಡಿ ಉದುರುತ್ತಿತ್ತು. "ಅತ್ತೆ, ಇದು ಸಾಯ್ತಾ ಇದೆಯಾ?" ಅಂತ ಕೇಳಿದಳು. ಅವತ್ತಿಗೆ ಬಿಟ್ಟೆ.

ಇಥಿಯೋಪಿಯಾದ ದಬ್ತರರು, ಅಂದರೆ ಚರ್ಚಿನಲ್ಲಿ ಹಾಡುವ, ಮಂತ್ರ-ಮದ್ದೂ ಬಲ್ಲ ಪಂಡಿತರು, ರೋಗಿಗಳಿಗೆ ಬರೆದುಕೊಡುತ್ತಿದ್ದ ಸುರುಳಿಗಳ ವಿಷಯ ತಿಳಿದದ್ದು ಆಮೇಲೆ. ಅವು ಕಾಗದದವಲ್ಲ, ಆಡು ಕುರಿಯ ತೊಗಲಿನವು. ಪಟ್ಟಿಗೆ ಪಟ್ಟಿ ಹೊಲಿದು, ರೋಗಿ ಎಷ್ಟು ಎತ್ತರವೋ ಅಷ್ಟುದ್ದ ಮಾಡುತ್ತಿದ್ದರು, ಅಡಿಯಿಂದ ಮುಡಿಯವರೆಗೂ ರಕ್ಷೆ ಇರಲಿ ಅಂತ. ಕಪ್ಪು ಕೆಂಪು ಮಸಿಯಲ್ಲಿ ಅಲ್ಲಿನ ಚರ್ಚಿನ ಹಳೆಯ ಭಾಷೆಯಾದ ಗೀಜ್‌ನಲ್ಲಿ ಪ್ರಾರ್ಥನೆ, ನಡುನಡುವೆ ನೆಟ್ಟ ನೋಟದ ದೊಡ್ಡ ಕಣ್ಣುಗಳು. ಜೊತೆಗೆ ಆ ರೋಗಿಯ ಹೆಸರು. ಓದುತ್ತಾ ನನ್ನಜ್ಜಿ ತೋಳಿಗೆ ಕಟ್ಟಿದ್ದ ತಾಯಿತ ನೆನಪಾಯಿತು. ಅದರೊಳಗಿನ ಚೀಟಿಯಲ್ಲೂ ನನ್ನ ಹೆಸರಿತ್ತು, ಬೇರೆ ಯಾರದ್ದೂ ಅಲ್ಲ.

ಅಂದಿನಿಂದ ನಾನೂ ಮಗುವನ್ನು ಗೋಡೆಗೆ ನಿಲ್ಲಿಸಿ ಅಳೆದೇ ಕೆಲಸ ಶುರು ಮಾಡುವುದು. 22x30 ಅಂಗುಲದ ಹಾಳೆ ಸಾಲುವುದಿಲ್ಲ. ಒದ್ದೆ ಕುಂಚದಲ್ಲಿ ಉದ್ದಕ್ಕೆ ಗೆರೆ ಎಳೆದು ಮೆಲ್ಲಗೆ ಹರಿಯುತ್ತೇನೆ, ಹಾಗೆ ಹರಿದರೆ ಅಂಚಿನ ನವಿರು ಉಳಿಯುತ್ತದೆ. ಮೈದಾ ಅಂಟಿಗೆ ಚಿಟಿಕೆ ಮೈಲುತುತ್ತ ಹಾಕಿ (ಬೈಂಡಿಂಗ್‌ನವರು ಹುಳು ಬರದಿರಲಿ ಅಂತ ಹಾಕುತ್ತಾರಲ್ಲ, ಹಾಗೆ) ಪಟ್ಟಿಗಳನ್ನು ಜೋಡಿಸುತ್ತೇನೆ. ಕೊನೆಗೆ ಮಗುವಿನ ಹೆಸರು, ಕೆಂಪಿನಲ್ಲಿ.

"ಮಕ್ಕಳ ಆಟಕ್ಕೆ ಅಷ್ಟೆಲ್ಲ ಯಾಕೆ ಕಣೇ, ಎಲ್ಲರ ಕೈಗೂ ಎಟುಕಬೇಡವಾ?" ಅಂದಳು ಜೊತೆಗಿದ್ದ ಗೆಳತಿ. ಎಟುಕಲಿ. ಪ್ರಿಂಟ್ ಅಂತ ಹೇಳಿ 50 ರೂಪಾಯಿಗೆ ಮಾರಲಿ, ಹತ್ತು ಸುರುಳಿ ನಾನೇ ಕೊಂಡು ಹಂಚುತ್ತೇನೆ. ನನ್ನ ಸಿಟ್ಟು ಪ್ರಿಂಟಿನ ಮೇಲಲ್ಲ. ಯಾರೋ ಕೂತು ತನಗಾಗಿ ಬರೆದಿದ್ದಾರೆ ಅಂತ ಆ ಮಗು ನಂಬಿದಳಲ್ಲ, ಆ ನಂಬಿಕೆಗೆ ಕಾಫಿ ಕಲೆ ತೋರಿಸಿ ದುಡ್ಡು ತಗೊಂಡರಲ್ಲ, ಅದು ನನಗೆ ತಡೆಯಲಾಗುತ್ತಿಲ್ಲ.

ಹೊರಡುವಾಗ ಗೇಟಿನ ಹತ್ತಿರ ಆ ಹುಡುಗಿ ಸುರುಳಿಯನ್ನು ತೊಡೆಯ ಮೇಲೆ ಹರವಿಕೊಂಡು ಕೂತಿದ್ದಳು. ಅವಳ ಅಪ್ಪನನ್ನು ಕೇಳಿಕೊಂಡು, ನನ್ನ ದುಪಟ್ಟಾದಲ್ಲೇ ಅವಳ ಎತ್ತರ ಅಳೆದು ಗಂಟು ಹಾಕಿದೆ. 4 ಅಡಿ 3 ಅಂಗುಲ. ನಿನ್ನೆ ರಾತ್ರಿಯೇ ಚಿಂದಿ ನೆನೆಹಾಕಿದ್ದೇನೆ.