ಎಕೋ ಸುರಿದ ಮಾತ್ರಕ್ಕೆ ಸಮೂಹಗಾನ ಆಗುವುದಿಲ್ಲ

ಯೂಟ್ಯೂಬ್ ತೆರೆದರೆ ಈಗ ಒಂದು ಬಗೆಯ ಸಂಗೀತ ಬೇಕಾದಷ್ಟು ಸಿಗುತ್ತದೆ. ಮೂರು ಗಂಟೆ ಉದ್ದದ ವಿಡಿಯೊ, ಮಂಜು ಕವಿದ ಹಳೇ ಚರ್ಚಿನ ಚಿತ್ರ, ಹಿಂದೆ ‘ಆ... ಓ...’ ಅನ್ನುವ ದನಿಗಳು, ಅದರ ಮೇಲೆ ಕೊಡಗಟ್ಟಲೆ ಎಕೋ. ಓದೋಕೆ, ಧ್ಯಾನಕ್ಕೆ, ನಿದ್ದೆಗೆ ಅಂತ ಕೆಳಗೆ ಬರೆದಿರುತ್ತಾರೆ. ನಿದ್ದೆಯೇನೋ ಬರುತ್ತದೆ, ಸುಳ್ಳು ಹೇಳಬಾರದು. ಆದರೆ ಮಧ್ಯಯುಗದ ಯುರೋಪಿನ ಗಾಯನ ಈಗಿನ ಕಾಲಕ್ಕೆ ಹೀಗೆ ಬಂದಿದೆ ಅಂತ ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತದೆ.

ಸಿಟ್ಟು ಯಂತ್ರದ ಮೇಲಲ್ಲ. ಸಂಗೀತಕ್ಕೆ ಎಲೆಕ್ಟ್ರಾನಿಕ್ಸ್ ಯಾಕೆ ಅಂತ ಮೂಗು ಮುರಿಯುವವರ ಮನೆಯಲ್ಲೂ ಬೆಂಗಳೂರಿನ ರಾಡೆಲ್ ಕಂಪನಿಯ ಎಲೆಕ್ಟ್ರಾನಿಕ್ ತಂಬೂರಿ ಪೆಟ್ಟಿಗೆ ಇರುತ್ತದೆ, ಬೆಳಗಿನ ಪಾಠ ಅದರ ಶ್ರುತಿಯಲ್ಲೇ ನಡೆಯುತ್ತದೆ. ಅಲ್ವಾ?

ನನ್ನ ತಕರಾರು ಬೇರೆ. ಆ ಕಾಲದ ಗಾಯಕರಿಗೆ ಎಕೋ ಕೊನೆಗೆ ಹಾಕುವ ಒಗ್ಗರಣೆ ಆಗಿರಲಿಲ್ಲ. ಕಟ್ಟಡ ಹೇಗೆ ಹಾಡಲು ಬಿಡುತ್ತದೋ ಹಾಗೇ ಹಾಡಬೇಕಿತ್ತು.

ಇಸ್ತಾಂಬುಲ್‌ನ ಹಾಗಿಯಾ ಸೋಫಿಯಾವನ್ನೇ ನೋಡಿ. 537ರಲ್ಲಿ ಕಟ್ಟಿ ಮುಗಿಸಿದ ಚರ್ಚು, ಆಮೇಲೆ ಮಸೀದಿ, ಆಮೇಲೆ ಮ್ಯೂಸಿಯಂ, 2020ರಿಂದ ಮತ್ತೆ ಮಸೀದಿ. ಅದು ಮ್ಯೂಸಿಯಂ ಆಗಿದ್ದಾಗ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಒಳಗೆ ಬಲೂನ್ ಒಡೆಸಿ ರೆಕಾರ್ಡ್ ಮಾಡಿಕೊಂಡರು. ಠಪ್ ಅನ್ನುವ ಆ ಒಂದು ಸದ್ದು ಗುಮ್ಮಟಕ್ಕೆ, ಅಮೃತಶಿಲೆಗೆ ಬಡಿದು ಬಡಿದು ಅಡಗಲು ಹತ್ತು ಸೆಕೆಂಡಿಗೂ ಜಾಸ್ತಿ ಹಿಡಿಯುತ್ತದೆ. ಆ ಕಟ್ಟಡ ಸದ್ದನ್ನು ಏನೇನು ಮಾಡುತ್ತದೆ ಅನ್ನುವ ಲೆಕ್ಕ ಅದರಿಂದ ಕಂಪ್ಯೂಟರ್‌ಗೆ ಸಿಕ್ಕಿತು. ಆಮೇಲೆ ಕಪೆಲ್ಲಾ ರೊಮಾನಾ ಅನ್ನುವ ಅಮೆರಿಕದ ತಂಡ ಸ್ಟ್ಯಾನ್‌ಫರ್ಡ್‌ನ ಸಭಾಂಗಣದಲ್ಲಿ ಹಾಗಿಯಾ ಸೋಫಿಯಾ ಚರ್ಚಾಗಿದ್ದ ಕಾಲದ ಬೈಜಾಂಟೈನ್ ಸ್ತೋತ್ರಗಳನ್ನು ಹಾಡುವಾಗ, ಅವರ ಮೈಕಿನ ದನಿಯನ್ನು ಈ ಲೆಕ್ಕದೊಳಗೆ ಹಾಯಿಸಿ, ಹಾಡುತ್ತಿರುವಾಗಲೇ ಅವರಿಗೇ ವಾಪಸ್ ಕೇಳಿಸಿದರು. ಗಾಯಕರು ತಾವಾಗಿಯೇ ನಿಧಾನ ಮಾಡಿದರು. ಇನ್ನೇನು ಮಾಡ್ತಾರೆ, ಹಿಂದಿನ ಸ್ವರ ಇನ್ನೂ ಗಾಳಿಯಲ್ಲಿರುವಾಗ ಮುಂದಿನದನ್ನು ಆತುರದಲ್ಲಿ ಹಾಡಿದರೆ ಎಲ್ಲ ಕಲಸಿಹೋಗುತ್ತದೆ! 2019ರಲ್ಲಿ ಆಲ್ಬಂ ಬಂತು. ತಳದಲ್ಲಿ ಕೆಲವರು ಒಂದೇ ಸ್ವರ ಹಿಡಿದು ನಿಲ್ಲುತ್ತಾರೆ, ಬೈಜಾಂಟೈನ್ ಗಾಯನದಲ್ಲಿ ಅದಕ್ಕೆ ಇಸೊನ್ ಅನ್ನುತ್ತಾರೆ. ತಂಬೂರಿ ಕೇಳಿ ಬೆಳೆದವರಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಈಗ ಪ್ಯಾರಿಸ್ಸಿಗೆ ಬನ್ನಿ. 1200ರ ಆಸುಪಾಸಿನಲ್ಲಿ ನೋತ್ರ್ ದಾಮ್ ಚರ್ಚಿಗಾಗಿ ಪೆರೊತಾಂ ಅನ್ನುವ ಸಂಗೀತಗಾರ ನಾಲ್ಕು ದನಿಗಳಲ್ಲಿ ಕಟ್ಟಿದ ‘ವಿದೆರುಂತ್ ಓಮ್ನೆಸ್’ ಅನ್ನುವ ಲ್ಯಾಟಿನ್ ಹಾಡು ಇದೆ. ಚರ್ಚಿನಲ್ಲಿ ಎಲ್ಲರೂ ಒಂದೇ ದನಿಯಲ್ಲಿ ಹಾಡುತ್ತಿದ್ದ ಹಳೇ ಗ್ರೆಗೋರಿಯನ್ ಹಾಡಿನ ಒಂದು ಸ್ವರವನ್ನು ಕೆಳಗಿನ ದನಿ ಎಳೆಯುತ್ತದೆ, ಎಳೆಯುತ್ತಲೇ ಇರುತ್ತದೆ. ಮೇಲಿನ ಮೂರು ದನಿಗಳು ಅದರ ಮೇಲೆ ಕುಣಿಯುತ್ತವೆ. ಮೊದಲ ಪದ ಮುಗಿಯುವ ಹೊತ್ತಿಗೆ ಅದು ಯಾವ ಪದ ಅಂತಲೇ ಮರೆತುಹೋಗಿರುತ್ತದೆ.

ಸುಮಾರು ಎಂಟುನೂರು ವರ್ಷದ ನಂತರ, 1995ರಲ್ಲಿ, ಅಮೆರಿಕದ ಸಂಗೀತ ಸಂಯೋಜಕ ಸ್ಟೀವ್ ರೈಶ್ ಇದನ್ನೇ ಎದುರಿಗಿಟ್ಟುಕೊಂಡು ‘ಪ್ರಾವರ್ಬ್’ ಬರೆದರು. ಮೂವರು ಸೊಪ್ರಾನೊ (ಹೆಂಗಸರ ಎತ್ತರದ ದನಿ), ಇಬ್ಬರು ಟೆನರ್ (ಗಂಡಸರ ಎತ್ತರದ ದನಿ), ಎರಡು ವೈಬ್ರಫೋನ್ (ಕೋಲಿನಿಂದ ಬಡಿಯುವ ಲೋಹದ ಪಟ್ಟಿಗಳ ವಾದ್ಯ), ಎರಡು ಎಲೆಕ್ಟ್ರಿಕ್ ಆರ್ಗನ್. ಸಾಹಿತ್ಯ ಅಂದರೆ ತತ್ವಜ್ಞಾನಿ ವಿಟ್‌ಗೆನ್‌ಸ್ಟೈನ್ ಬರೆದ ಒಂದೇ ವಾಕ್ಯ, ಇಡೀ ಬದುಕನ್ನು ತುಂಬೋಕೆ ಎಷ್ಟು ಪುಟ್ಟ ಯೋಚನೆ ಸಾಕು ಅಂತ. ಅಷ್ಟರಲ್ಲೇ ಸುಮಾರು 14 ನಿಮಿಷ. ಒಬ್ಬರು ಹಾಡಿದ ಸಾಲನ್ನು ಇನ್ನೊಬ್ಬರು ಸ್ವಲ್ಪ ತಡವಾಗಿ ಹಿಡಿಯುತ್ತಾರೆ, ಹೋಗ್ತಾ ಹೋಗ್ತಾ ಸ್ವರಗಳು ಉದ್ದವಾಗುತ್ತವೆ. ಪೆರೊತಾಂನಲ್ಲಿ ಕೆಳಗಿನ ದನಿ ಎಳೆಯುತ್ತಿತ್ತು, ಇಲ್ಲಿ ಹೆಂಗಸರು ಎಳೆಯುತ್ತಾರೆ, ಟೆನರ್‌ಗಳು ಕುಣಿಯುತ್ತಾರೆ. ಒಪೆರಾದವರ ಹಾಗೆ ದನಿ ನಡುಗಿಸುವಂತಿಲ್ಲ. ಆರ್ಗನ್ ಮೆರೆಯಲು ಹೋಗುವುದಿಲ್ಲ, ಹಾಡುವವರ ಸ್ವರಗಳನ್ನೇ ಹಿಡಿದು ಜೊತೆಗೆ ನಿಲ್ಲುತ್ತದೆ. ಇದರ ಎಕೋ ಪೂರ್ತಿ ತೆಗೆದುಹಾಕಿ, ಒಣ ಕೋಣೆಯಲ್ಲಿ ಹಾಡಿಸಿ, ಆಗಲೂ ದನಿಗಳನ್ನು ಹೆಣೆದ ಕ್ರಮ ಕಿವಿಗೆ ಕೇಳಿಸುತ್ತದೆ. ಯೂಟ್ಯೂಬ್‌ನ ಆ ಮೂರು ಗಂಟೆಯಿಂದ ಎಕೋ ತೆಗೆದರೆ ಏನು ಉಳಿಯುತ್ತದೆ? ಕೀಬೋರ್ಡಿನ ಒಂದು ಗುಂಡಿ ಒತ್ತಿದರೆ ಬರುವ ‘ಆ’.

ಅಮೆರಿಕದ ಗಾಯಕಿ ಜೂಲಿಯಾನಾ ಬಾರ್ವಿಕ್ ಅವರನ್ನು ಇಲ್ಲಿ ಹೇಳಿದರೆ ನನ್ನ ವಾದಕ್ಕೇ ಸ್ವಲ್ಪ ತೊಂದರೆ, ಯಾಕಂದರೆ ಅವರಲ್ಲೂ ಎಕೋ ಧಾರಾಳ. ಆದರೂ ಬಿಡಲು ಮನಸ್ಸಿಲ್ಲ. 2011ರ ‘ದ ಮ್ಯಾಜಿಕ್ ಪ್ಲೇಸ್’ ಆಲ್ಬಂ ಕೇಳಿ. ಒಂದು ಸಾಲು ಹಾಡಿ, ಹಾಡಿದ್ದನ್ನೇ ಮತ್ತೆ ಮತ್ತೆ ಕೇಳಿಸುವ ಲೂಪ್ ಯಂತ್ರಕ್ಕೆ ಹಾಕುತ್ತಾರೆ, ಅದು ಸುತ್ತುತ್ತಿರುವಾಗ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಒಬ್ಬರೇ ಒಂದು ತಂಡ ಆಗುತ್ತಾರೆ. ಒಮ್ಮೆ ಸುತ್ತಲು ಶುರುವಾದ ಸಾಲಿಗೆ ಮುಂದಿನ ಸಾಲು ಹೊಂದಲೇಬೇಕು, ಹಾಗಾಗಿ ಅಲ್ಲೂ ಒಂದು ಕಟ್ಟುನಿಟ್ಟು ಇದೆ.

ಕೇಳುವುದಾದರೆ ಮೊದಲು ಪೆರೊತಾಂ, ಆಮೇಲೆ ರೈಶ್. ಹೆಡ್‌ಫೋನ್ ಹಾಕಿಕೊಳ್ಳಿ, ಮೊಬೈಲಿನ ಪುಟ್ಟ ಸ್ಪೀಕರ್‌ನಲ್ಲಿ ಆರ್ಗನ್ನಿನ ಕೆಳಸ್ವರ ಕೇಳಿಸುವುದೇ ಇಲ್ಲ. ಇಷ್ಟವಾಗದಿದ್ದರೆ ಕಾಮೆಂಟಿನಲ್ಲಿ ಜಗಳಕ್ಕೆ ಬನ್ನಿ, ಆದರೆ ಪೂರ್ತಿ ಕೇಳಿ ಬನ್ನಿ.